ಅಳತೆಗಳ ನಡುವೆ ಬಂದ ದನಿ

ಪೀರಾಂಬಿಗೆ ಓದು ಬರಹ ಬಾರದು. ಆದರೆ ಕತ್ತರಿ ಕೈಗೆ ಬಂದರೆ ಬಟ್ಟೆ ಅವಳು ಹೇಳಿದಂತೆ ಕೇಳುತ್ತಿತ್ತು. ಬಬಲೇಶ್ವರದ ತನ್ನ ಮನೆಯ ಪಡಸಾಲೆಯಲ್ಲಿ ಹಲಗೆಯ ಮೇಲೆ ಜಂಪರು ಎಂದು ಕರೆಯುವ ರವಿಕೆಯ ಬಟ್ಟೆ ಹರವಿ, ಮಗ್ಗುಲಲ್ಲಿ ಫೋನಿಟ್ಟುಕೊಂಡು, ಅದರೊಳಗಿನ ದನಿ ಕೇಳುತ್ತಲೇ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಳು. “ಎದಿ ಮೂವತ್ತಾರು, ತೋಳ ಹತ್ತು, ಕೊಳ್ಳ ಮುಂದ ಆರು, ಹಿಂದ ಎಂಟು” ಎಂದು ಯಾವುದೋ ಊರಿನ ಹೆಣ್ಣುಮಗಳು ಹೇಳಿ ಮುಗಿಸುವಷ್ಟರಲ್ಲಿ ಗೆರೆ ಮುಗಿದು ಕತ್ತರಿ ಹೊರಟಿರುತ್ತಿತ್ತು. ಒಂದು ದನಿ ಮುಗಿದರೆ ಫೋನು ತಾನಾಗಿಯೇ ಮುಂದಿನದನ್ನು ಹಾಡುತ್ತಿತ್ತು. ಕೈಗೆ ಸುಣ್ಣ ಮೆತ್ತಿರುವವಳಿಗೆ ಅದಕ್ಕಿಂತ ಅನುಕೂಲ ಇನ್ನೇನು ಬೇಕು.

ಆ ದನಿಗಳನ್ನು ಕಳಿಸುತ್ತಿದ್ದವಳು ಟಿಕೋಟಾದಲ್ಲಿದ್ದ ಅವಳ ಅಕ್ಕನ ಮಗಳು ಮಿನಾಜ. ಖಾಲಾ, ಅಂದರೆ ಚಿಕ್ಕಮ್ಮ, ಕತ್ತರಿಸುವವಳು, ಮಿನಾಜ ಹೊಲಿಯುವವಳು. ಬಟ್ಟೆಯ ಗಂಟು ಬಸ್ಸಿನಲ್ಲಿ ಹೋಗುತ್ತಿತ್ತು, ಅಳತೆ ಫೋನಿನಲ್ಲಿ ಹೋಗುತ್ತಿತ್ತು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟ ಮಿನಾಜಳಿಗೆ ಬರೆಯಲು ಬಾರದೆಂದಲ್ಲ. ಮಂದಿಯ ಎದುರು ನಿಂತು ಮಾತಾಡುವುದು ಆಗದು. ಹೊನವಾಡ, ಬಿಜ್ಜರಗಿ, ಘೋಣಸಗಿಯ ಹೆಂಗಸರು ಅಳತೆಯನ್ನು ತಮ್ಮ ಬಾಯಿಂದಲೇ ಹೇಳಿ ಕಳಿಸಿದರೆ, ಅದನ್ನು ಒತ್ತಿ ಹಿಡಿದು ಖಾಲಾಗೆ ದಾಟಿಸಿಬಿಟ್ಟರೆ ಸಾಕು. ಯಾರ ಮುಖವನ್ನೂ ನೋಡಬೇಕಿಲ್ಲ.

ಹೊಲಿದ ಜಂಪರು ಊರು ಮುಟ್ಟಿದ ಮೇಲೆ ಅವರು ತೊಟ್ಟು ಫೋಟೋ ಕಳಿಸುತ್ತಿದ್ದರು. ಎಲ್ಲಿ ಬಿಗಿ, ಎಲ್ಲಿ ನೆರಿಗೆ ಬಿದ್ದಿದೆ ಎಂದು ತೋರಿಸಬೇಕಲ್ಲ. ತಲೆಯ ಮೇಲೆ ಸೆರಗಿಲ್ಲದೆ, ಕೆಲವರು ಬುರ್ಖಾ ತೆಗೆದು, ಕನ್ನಡಿಯ ಮುಂದೆ ನಿಂತು ತೆಗೆದ ಫೋಟೋಗಳು. ಗಂಡಸರಿಗೆ ತೋರಿಸುವಂಥವಲ್ಲ. ಮಿನಾಜ ಅವನ್ನು ಯಾರಿಗೂ ತೋರಿಸುವುದಿಲ್ಲ ಎಂಬುದು ಆ ಮೂರೂ ಊರಿನ ಹೆಂಗಸರಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಕಳಿಸುತ್ತಿದ್ದರು.

ಹೊನವಾಡದ ಕಸ್ತೂರಿಯ ಸಂಗತಿ ಮಾತ್ರ ಬೇರೆ. ಎರಡು ವರ್ಷದ ಹಿಂದೆ ಅವಳ ಎಡಗಡೆಯ ಮೊಲೆಯಲ್ಲಿ ಗಂಟು ಬಂದು, ದೂರದ ಆಸ್ಪತ್ರೆಯೊಂದರಲ್ಲಿ ಅದನ್ನು ಪೂರ್ತಿ ತೆಗೆದಿದ್ದರು. ಅತ್ತೆಗೆ ಹೊಟ್ಟೆಯ ಆಪರೇಷನ್ ಎಂದು ಹೇಳಿತ್ತು. ಗಂಡನಿಗೆ ಬಿಟ್ಟರೆ ಊರಿನಲ್ಲಿ ಯಾರಿಗೂ ತಿಳಿಯದು. ಮಗಳಿಗೆ ಘೋಣಸಗಿಯ ಸಂಬಂಧ ಬಂದಿತ್ತು. ತಾಯಿಗೆ ಇಂಥ ಬೇನೆ ಇತ್ತಂತೆ ಎಂಬ ಮಾತು ಹೊರಟರೆ ಗಂಡಿನ ಕಡೆಯವರು ಬಂದ ದಾರಿಯಲ್ಲೇ ತಿರುಗಿ ಹೋಗುತ್ತಾರೆಂಬ ಭಯ ಅವಳಿಗೆ.

ಅಂಥ ಜಂಪರನ್ನು ಹೊಲಿಯುವುದು ಹೇಗೆಂದು ಮಿನಾಜಳಿಗೂ ಮೊದಲು ತಿಳಿಯಲಿಲ್ಲ. ಒಳಗೆ ಒಂದು ಚೀಲ ಹೊಲಿದು ಹತ್ತಿ ತುಂಬಿದಳು; ಹಗುರಾಗಿ ಮೇಲಕ್ಕೆ ಸರಿಯಿತು. ಆಮೇಲೆ ಹತ್ತಿಯ ನಡುವೆ ಒಂದು ಹಿಡಿ ಜೋಳ ಸೇರಿಸಿದಳು. ಭಾರ ಸರಿಯಾಗಿ ಕೂತಿತು. ಚೀಲ ಎಲ್ಲಿ ಕೂಡಬೇಕೆಂದು ತಿಳಿಯಲು ಕಸ್ತೂರಿ ಒಂದು ಫೋಟೋ ಕಳಿಸಿದ್ದಳು, ಹೊಲಿಗೆ ಹಾಕಿದ ಗಾಯದ ಬರೀ ಎದೆಯದು. ಕಳಿಸುವ ಮೊದಲು ಮೂರು ಸಲ ಕೇಳಿದ್ದಳು, ಇದನ್ನು ಬೇರೆ ಯಾರಾದರೂ ನೋಡಲು ಬರುತ್ತದೆಯೇ ಎಂದು. ಇಲ್ಲಕ್ಕಾ, ನಡುವೆ ಬೀಗ ಇರುತ್ತದಂತೆ, ಫೋನಿನ ಕಂಪನಿಯವರಿಗೂ ತೆರೆಯಲು ಬಾರದಂತೆ ಎಂದು ಮಿನಾಜ ತನ್ನ ಅಣ್ಣ ಸಲ್ಮಾನ ಓದಿ ಹೇಳಿದ್ದನ್ನೇ ಹೇಳಿದ್ದಳು. ಆ ಜಂಪರನ್ನು ಖಾಲಾಗೂ ಕಳಿಸದೆ ತಾನೇ ಕತ್ತರಿಸಿ ಹೊಲಿದಳು. ತೊಟ್ಟ ದಿನ ಕಸ್ತೂರಿ ಕಳಿಸಿದ ಮಾತು ಹೀಗಿತ್ತು: “ಭಾಳ ಚಂದ ಆಗೇತಿ ತಂಗಿ. ಮಳ್ಯಾಗ ತೋಯಿಸ್ಕೊಳ್ಳದಂಗ ಇರಬೇಕಷ್ಟ, ಇಲ್ಲಂದ್ರ ಮೊಳಕಿ ಒಡೀತಾವು.”

ಲಗ್ನದ ಹಂಗಾಮು ಶುರುವಾಗಿತ್ತು. ಒಂದು ದಿನ ಮುಂಜಾನೆ ಹನ್ನೆರಡು ಅಳತೆಗಳು ಒಟ್ಟಿಗೆ ಬಂದು ಕೂತಿದ್ದವು. ಬಸ್ಸಿಗೆ ಗಂಟು ಕೊಡುವ ಅವಸರದಲ್ಲಿ ಮಿನಾಜ ಬಂದ ದನಿಗಳನ್ನೆಲ್ಲ ಸಾಲಾಗಿ ಒತ್ತಿ ಒಮ್ಮೆಗೇ ಖಾಲಾಗೆ ದಾಟಿಸಿದಳು. ಬಿಜ್ಜರಗಿಯ ರಾಚವ್ವ ಯಾವತ್ತೂ ಅಳತೆಯನ್ನು ಎರಡೆರಡು ಸಲ ಹೇಳುವವಳು; ಅವಳಿಂದ ಎರಡು ದನಿ ಬಂದದ್ದನ್ನು ಕಂಡು ಮಿನಾಜಳಿಗೆ ಏನೂ ಅನ್ನಿಸಲಿಲ್ಲ. ಕೇಳಿಯೂ ನೋಡಲಿಲ್ಲ.

ಎರಡನೆಯದು ಅಳತೆಯಾಗಿರಲಿಲ್ಲ; ಎಲ್ಲಿಂದಲೋ ತನಗೆ ಬಂದದ್ದನ್ನು ರಾಚವ್ವ ದಾಟಿಸಿದ್ದಳು. ಯಾರೋ ಗಂಡಸು ಗಡಿಬಿಡಿಯಲ್ಲಿ ಮಾತಾಡಿದ್ದ. ಕಂಬಳಿ ಮಾರುವವರ ವೇಷದಲ್ಲಿ ಮಕ್ಕಳನ್ನು ಎತ್ತಿಕೊಂಡು ಹೋಗುವವರು ಬಂದಿದ್ದಾರೆ, ಕಂಡಲ್ಲಿ ಹಿಡಿಯಿರಿ ಎಂದಿತ್ತು ಆ ಮಾತು. ಪೀರಾಂಬಿಯ ಹಲಗೆಯ ಸುತ್ತ ಆ ಹೊತ್ತು ಓಣಿಯ ಆರೇಳು ಹೆಂಗಸರು ಕೂತಿದ್ದರು. ತೋಳು ಹತ್ತು, ಸೊಂಟ ಮೂವತ್ತು ಎನ್ನುತ್ತಿದ್ದ ಫೋನು ನಡುವೆ ಇದನ್ನೂ ಜೋರಾಗಿ ಸಾರಿ, ಮತ್ತೆ ಕೊರಳು ಏಳು ಎಂದು ಅಳತೆಗೆ ತಿರುಗಿತು. ಕೂತವರಲ್ಲಿ ಒಬ್ಬಳು ಅದನ್ನು ತನ್ನ ಫೋನಿಗೆ ಹಾಕಿಸಿಕೊಂಡಳು. ಸಂಜೆಗೆ ಅದು ಬಬಲೇಶ್ವರದ ಸುತ್ತಲಿನ ಹಳ್ಳಿಗಳನ್ನೆಲ್ಲ ಸುತ್ತಿತ್ತು.

ಮೂರನೆಯ ದಿನ ಯಲಗೂರಪ್ಪ ಎಂಬ ಮುದುಕ, ವರ್ಷಕ್ಕೊಮ್ಮೆ ಹೆಗಲ ಮೇಲೆ ಕರಿ ಕಂಬಳಿ ಹೊತ್ತು ಟಿಕೋಟಾಕ್ಕೂ ಬರುತ್ತಿದ್ದವನು, ಆ ಹಳ್ಳಿಗಳಲ್ಲೊಂದರ ಓಣಿಯಲ್ಲಿ ನೀರು ಕೇಳಲು ನಿಂತ. ಮಂದಿ ಕೂಡಿ ಹೊಡೆದರು. ಪೊಲೀಸರು ಬಂದು ಬಿಡಿಸುವಷ್ಟರಲ್ಲಿ ಬಲಗೈ ಮುರಿದಿತ್ತು.

ಆ ಸುದ್ದಿ ಕೇಳಿದ ದಿನವೇ ಮಿನಾಜ ರಾಚವ್ವನ ಎರಡನೆಯ ದನಿಯನ್ನು ಮೊದಲ ಸಲ ಕೇಳಿದ್ದು. ಕೇಳಿದ ಮೇಲೆ ಅವಳಿಗೆ ಹೊಲಿಗೆಯ ಮಷೀನಿನ ಮುಂದೆ ಕೂಡಲಾಗಲಿಲ್ಲ. ತಾನು ಹೊಡೆದಿಲ್ಲ, ತಾನು ಹೇಳಿಲ್ಲ. ಆದರೆ ಆ ಮಾತು ತನ್ನ ಬೆರಳು ದಾಟಿಯೇ ಬಬಲೇಶ್ವರಕ್ಕೆ ಹೋಗಿತ್ತು.

ಪೊಲೀಸರ ಫೋನು ಮಂಗಳವಾರ ಬಂತು. ಪೀರಾಂಬಿಯ ಫೋನನ್ನು ಆಗಲೇ ತೆಗೆದುಕೊಂಡಿದ್ದರು. ಅದರಲ್ಲಿ ಮಿನಾಜಳ ಹೆಸರು ಸಿಕ್ಕಿತ್ತು. ಗುರುವಾರ ಹನ್ನೊಂದಕ್ಕೆ ವಿಜಯಪುರದ ಕಚೇರಿಗೆ ಫೋನು ತೆಗೆದುಕೊಂಡು ಬರಬೇಕು, ಅಷ್ಟರೊಳಗೆ ಏನನ್ನೂ ಅಳಿಸಬಾರದು, ಅಳಿಸಿದರೆ ತಿಳಿಯುತ್ತದೆ, ಫೋನು ತನಿಖೆ ಮುಗಿಯುವವರೆಗೆ ತಮ್ಮ ಹತ್ತಿರವೇ ಇರುತ್ತದೆ ಎಂದು ಹೇಳಿ ಇಟ್ಟುಬಿಟ್ಟರು.

ಸಲ್ಮಾನ ದ್ರಾಕ್ಷಿಯ ಕೋಲ್ಡ್ ಸ್ಟೋರೇಜಿನ ಕೆಲಸ ಮುಗಿಸಿ ಬಂದವನು ಮೊದಲು ಎಲ್ಲ ಅಳಿಸಿಬಿಡು ಎಂದ. ಚಹಾ ಕುಡಿಯುತ್ತ ಯೋಚಿಸಿ ಮತ್ತೆ ಅವನೇ ಬೇಡವೆಂದ. ರಾಚವ್ವನಿಂದ ಬಂದದ್ದು ಅಳಿಸಿದರೆ ಆ ಮಾತು ಮಿನಾಜಳಿಂದಲೇ ಹುಟ್ಟಿದಂತಾಗುತ್ತದೆ. ಬರೀ ಫೋಟೋ ಅಳಿಸಿದರೂ ಏನೋ ಮುಚ್ಚಿಟ್ಟಳೆಂದು ಆಗುತ್ತದೆ. ಮೇಲಾಗಿ ಅಳಿಸಿದ್ದನ್ನು ಮತ್ತೆ ಹೊರತೆಗೆಯುವ ಯಂತ್ರ ಅವರ ಹತ್ತಿರ ಇರುತ್ತದಂತೆ. ಮಿನಾಜ ಎಲ್ಲವನ್ನೂ ಕೇಳಿಸಿಕೊಂಡಳು. ಪೊಲೀಸರು ಆ ಗಂಡಸನ್ನು ಹಿಡಿಯಲೇಬೇಕೆಂದು ಅವಳಿಗೂ ಇತ್ತು. ಅದಕ್ಕೆ ತನ್ನ ಫೋನೇ ದಾರಿ ಎಂಬುದೂ ತಿಳಿದಿತ್ತು. ಆದರೆ ಅದೇ ಫೋನಿನಲ್ಲಿ ಕಸ್ತೂರಿ ಎದೆ ತೆರೆದು ನಿಂತಿದ್ದಳು.

ಬುಧವಾರ ಅವಳು ಹೊನವಾಡದ ಬಸ್ಸು ಹತ್ತಿದಳು. ಅದು ಅವಳಿಗೆ ಸಣ್ಣ ಕೆಲಸವಾಗಿರಲಿಲ್ಲ. ಗಿರಾಕಿಯ ಮನೆಗೆ ತಾನಾಗಿ ಹೋದವಳೇ ಅಲ್ಲ. ಅಂಗಳದಲ್ಲಿ ಬೇಳೆ ಹಸನು ಮಾಡುತ್ತಿದ್ದ ಅತ್ತೆಯನ್ನು ದಾಟಿ, ಜಂಪರಿನ ಅಳತೆ ಕೇಳಲು ಬಂದೆನೆಂದು ಸುಳ್ಳು ಹೇಳಿ, ಹಿತ್ತಲಿನಲ್ಲಿದ್ದ ಕಸ್ತೂರಿಯ ಮುಂದೆ ಹೋಗಿ ನಿಂತಳು. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಹತ್ತು ಸಲ ಹೊಂದಿಸಿಕೊಂಡಿದ್ದಳು. ಬಾಯಿ ತೆರೆದಾಗ ಹಿಂದುಮುಂದಾಗಿ ಬಂತು.

ಕಸ್ತೂರಿ ಕೈಯಲ್ಲಿದ್ದ ಬಕೀಟನ್ನು ಕೆಳಗಿಟ್ಟಳು. ಅವಳ ಮುಖ ಬಿಗಿಯಿತು.

“ನಡುವ ಬೀಗ ಐತಿ, ಯಾರೂ ತೆಗ್ಯಾಕ ಬರೂದಿಲ್ಲ ಅಂದಿದ್ದೆಲ್ಲ ನೀ?”

“ಹಾದ್ಯಾಗ ಯಾರೂ ತೆಗ್ಯಾಂಗಿಲ್ಲಕ್ಕಾ,” ಎಂದಳು ಮಿನಾಜ. “ಆದ್ರ ಫೋನ ಕೈಯಾಗ ಕೊಟ್ಟು ಬೀಗದ ಕೈನೂ ಕೊಟ್ರ ಎಲ್ಲಾ ಕಾಣಸ್ತೈತಿ. ಅದನ್ನ ನಾ ಅವತ್ತ ವಿಚಾರ ಮಾಡಲಿಲ್ಲ.”

ಕಸ್ತೂರಿಯ ಕಣ್ಣು ತುಂಬಿದ್ದನ್ನು ಮಿನಾಜ ನೋಡಿಯೂ ನೋಡದಂತೆ ನಿಂತಳು. ಕೊನೆಗೆ ಕಸ್ತೂರಿ ಸೆರಗಿನಿಂದ ಮುಖ ಒರೆಸಿಕೊಂಡು, ನಾಳೆ ಎಷ್ಟು ಗಂಟೆಗೆ ಹೋಗುತ್ತೀ ಎಂದು ಕೇಳಿದಳು. ತಾನೂ ಬರುತ್ತೇನೆಂದಳು. ಬಂದು ಏನು ಮಾಡುತ್ತಾಳೆಂದು ಮಿನಾಜಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಮರುದಿನ ಹೊನವಾಡದಿಂದ ಬಂದ ಬಸ್ಸಿನ ಕಿಟಕಿಯಲ್ಲಿ ಕಸ್ತೂರಿ ಕೂತಿದ್ದಳು. ಟಿಕೋಟಾದಲ್ಲಿ ಮಿನಾಜ ಹತ್ತಿ ಮಗ್ಗುಲಿಗೆ ಕೂತಳು.

ಕಚೇರಿಯಲ್ಲಿ ಉದ್ದದ ಟೇಬಲ್ಲಿನ ಮೇಲೆ ಹದಿನೈದೋ ಹದಿನಾರೋ ಫೋನುಗಳನ್ನು ಸಾಲಾಗಿ ಇಟ್ಟಿದ್ದರು. ಒಂದೊಂದಕ್ಕೂ ರಬ್ಬರಿನಲ್ಲಿ ಚೀಟಿ ಕಟ್ಟಿತ್ತು. ಸುಣ್ಣ ಮೆತ್ತಿದ ಖಾಲಾನ ಫೋನನ್ನು ಮಿನಾಜ ಕೂಡಲೇ ಗುರುತಿಸಿದಳು. ಅದರ ಚೀಟಿಯ ಮೇಲೆ ಹೆಸರಿನ ಕೆಳಗೆ ಒಂಬತ್ತು ಚುಕ್ಕಿ ಹಾಕಿ, ಖಾಲಾ ಬೆರಳಿನಿಂದ ಎಳೆಯುತ್ತಿದ್ದ ಗೆರೆಯನ್ನು ಪೆನ್ನಿನಲ್ಲಿ ಎಳೆದಿತ್ತು. ಎಲ್ಲ ಚೀಟಿಗಳ ಮೇಲೂ ಹಾಗೆಯೇ. ಹೋಗುವವರು ಬರುವವರು ಚಹಾದ ಕಪ್ಪನ್ನು ಆ ಚೀಟಿಗಳ ಮಗ್ಗುಲಲ್ಲೇ ಇಡುತ್ತಿದ್ದರು.

ಬರೆದುಕೊಳ್ಳುವ ಕೆಲಸದ ಚಂದ್ರಕಾಂತ ಒಂದು ಖಾಲಿ ಚೀಟಿ ಅವಳ ಮುಂದೆ ಸರಿಸಿ, ಹೆಸರು ಬರೆದು ಲಾಕಿನ ಗೆರೆ ಹಾಕಲು ಹೇಳಿದ. ಮಿನಾಜ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಅವನು ಮತ್ತೊಮ್ಮೆ ಹೇಳಿದ. ಕೆಟ್ಟವನಂತೆ ಕಾಣಲಿಲ್ಲ, ಮುಂಜಾನೆಯಿಂದ ಇದನ್ನೇ ಹೇಳಿ ಬೇಸತ್ತವನಂತಿದ್ದ.

“ಎಲ್ಲಾರೂ ಸುಮ್ನ ಕೊಟ್ಟು ಹೋಗ್ಯಾರ ನೋಡವಾ. ನಿನ್ನದ್ರಾಗ ಅಂಥಾದ್ದೇನ ಬಚ್ಚಿಡೂದೈತಿ?”

ಮಿನಾಜ ತನ್ನ ದನಿ ಹೊರಡುತ್ತದೋ ಇಲ್ಲವೋ ಎಂದುಕೊಂಡಳು.

“ಐತ್ರಿ,” ಎಂದಳು. “ನಂದಲ್ರಿ ಅದು. ಬ್ಯಾರೆ ಹೆಣ್ಮಕ್ಕಳದು. ರಾಚವ್ವ ಕಳಿಸಿದ್ದನ್ನ ನಾನ ತೋರಸ್ತೇನ್ರಿ, ಎಷ್ಟು ಸಲ ಬೇಕಾದ್ರೂ. ಫೋನ ಬಿಡಾಂಗಿಲ್ರಿ.”

ಚಂದ್ರಕಾಂತ ಪೆನ್ನು ಕೆಳಗಿಟ್ಟ. ಹಾಗೆಲ್ಲ ಆಗುವುದಿಲ್ಲ, ಮೊದಲು ಮೇಡಂ ಅವರನ್ನು ಕೇಳಬೇಕು ಎಂದ. ಒಳಗಿನ ಕೋಣೆಯಿಂದ ಆ ಹೊತ್ತಿಗೆ ಅಧಿಕಾರಿ ಮೇಡಂ ತಾವೇ ಹೊರಬಂದರು. ನಲವತ್ತರ ಹೆಂಗಸು, ಕೈಯಲ್ಲಿ ಕಾಗದ. ಏನು ತಕರಾರು ಎಂದು ಅವರು ಕೇಳುವುದರೊಳಗೆ ಕಸ್ತೂರಿ ಎದ್ದು ನಿಂತಳು.

“ನಿಮ್ಮ ಕೂಡ ಎರಡು ಮಾತು ಒಳಗ ಆಡೂದೈತ್ರಿ ಬಾಯಾರ. ಹೆಣ್ಮಕ್ಕಳ ಮಾತದು.”

ಮೇಡಂ ಅವಳನ್ನು ಮೇಲಿಂದ ಕೆಳಗೆ ನೋಡಿ, ಬಾ ಎಂದರು. ಬಾಗಿಲು ಅರ್ಧ ಮುಚ್ಚಿತು. ಹೊರಗೆ ಕೂತ ಮಿನಾಜಳಿಗೆ ಮಾತು ಕೇಳಿಸಲಿಲ್ಲ, ಸಂದಿನಲ್ಲಿ ಮೇಡಂ ಅವರ ಕೈ ಮಾತ್ರ ಕಾಣುತ್ತಿತ್ತು. ಮೊದಲು ಬೆರಳುಗಳು ಟೇಬಲ್ಲನ್ನು ಕುಟ್ಟುತ್ತಿದ್ದವು. ಆಮೇಲೆ ನಿಂತವು. ಇನ್ನೂ ಸ್ವಲ್ಪ ಹೊತ್ತಿಗೆ ಆ ಕೈ ನೀರಿನ ಲೋಟವನ್ನು ಎದುರಿಗೆ ಸರಿಸಿತು. ಒಳಗೆ ಕಸ್ತೂರಿ ನಕ್ಕಂತೆ ಕೇಳಿಸಿತು. ಜೋಳದ ಮಾತೂ ಹೊರಬಿದ್ದಿರಬೇಕು ಎಂದುಕೊಂಡಳು ಮಿನಾಜ.

ಮೇಡಂ ಹೊರಬಂದು ಕುರ್ಚಿ ಎಳೆದು ಮಿನಾಜಳ ಮಗ್ಗುಲಲ್ಲೇ ಕೂತರು. ಫೋನು ನಿನ್ನ ಕೈಯಲ್ಲೇ ಇರಲಿ, ನೀನೇ ತೆರೆ, ರಾಚವ್ವನದು ಒಂದನ್ನೇ ತೋರಿಸು ಎಂದರು. ಲಾಕು ತೆಗೆಯುವಾಗ ತಾವೇ ಮುಖ ಆಚೆ ತಿರುಗಿಸಿದರು. ಚಂದ್ರಕಾಂತನೂ ತಿರುಗಬೇಕಾಯಿತು. ಇಬ್ಬರು ಸಾಕ್ಷಿದಾರರನ್ನು ಕರೆಸಿ, ಆ ದನಿಯನ್ನು ಎಲ್ಲರೆದುರು ಕೇಳಿ, ಬಂದ ದಿನ, ಹೊತ್ತು, ರಾಚವ್ವನ ನಂಬರು ಎಲ್ಲವನ್ನೂ ಬರೆಸಿ, ಪರದೆಯ ಫೋಟೋ ತೆಗೆದುಕೊಂಡರು. ಆ ದನಿಯನ್ನು ಮಾತ್ರ ತಮ್ಮ ಯಂತ್ರಕ್ಕೆ ಹಾಕಿಸಿಕೊಂಡರು. ರಾಚವ್ವನ ಜಂಪರಿನ ಅಳತೆಯೂ ಎಲ್ಲಿ ಪಂಚನಾಮೆಗೆ ಸೇರುತ್ತದೋ ಎಂದು ಮಿನಾಜ ಬೆರಳು ಅಡ್ಡ ಹಿಡಿದಳು. ಮೇಡಂ ನೋಡಿ, ಅದು ಬೇಡ ಎಂದರು.

ಕೆಲಸ ನಡೆಯುತ್ತಿದ್ದಾಗ ಅವರು ತಮ್ಮಷ್ಟಕ್ಕೆ ತಾವೇ ಎಂಬಂತೆ ಹೇಳಿದರು: “ನಡುವ ಬೀಗ ಇಲ್ದ ಮ್ಯಾಲಿಂದ ಎಲ್ಲಾರದೂ ನೋಡೂ ಹಂಗಿದ್ರ ಮೊದಲನೇ ದಿನಾನ ಅಂವನ್ನ ಹಿಡೀತಿದ್ದೆ. ಈಗ ಮನಿ ಮನಿ ಬಾಗಿಲಾ ಬಡಕೋಂತ ಹೊಂಟೇನಿ. ಈ ಮಾತು ಬಂದ ಹಾದ್ಯಾಗ ನೀ ಏಳನೇದಾಕಿ.” ಸ್ವಲ್ಪ ತಡೆದು, “ಹಂಗ ನೋಡೂದಿದ್ರ ನನ್ನ ಮಗಳದೂ ಯಾರರ ನೋಡ್ತಿದ್ರು,” ಎಂದು ಮತ್ತೆ ಕಾಗದದತ್ತ ಬಾಗಿದರು.

ಯಲಗೂರಪ್ಪ ಹೇಗಿದ್ದಾನೆಂದು ಕೇಳಬೇಕೆಂದು ಮಿನಾಜ ಬಂದಾಗಿನಿಂದ ಅಂದುಕೊಳ್ಳುತ್ತಿದ್ದಳು. ಈಗ ಕೇಳಿದಳು. ಕೈಗೆ ಪ್ಲಾಸ್ಟರ್ ಹಾಕಿ ನಿನ್ನೆ ಮನೆಗೆ ಕಳಿಸಿದ್ದಾರೆ, ಹೋಗುವಾಗ ನನ್ನ ಕಂಬಳಿ ಎಣಿಸಿ ಕೊಡ್ರಿ ಎಂದು ಜಗಳ ತೆಗೆದನಂತೆ ಎಂದರು ಮೇಡಂ. ಅಷ್ಟು ಕೇಳಿದ್ದೇ ಅವಳ ಹೆಗಲಿನ ಒಂದು ಭಾರ ಇಳಿಯಿತು.

ಚಂದ್ರಕಾಂತ ಕಾಗದವನ್ನು ಸಹಿಗೆ ಸರಿಸಿದ. ಮಿನಾಜ ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಓದತೊಡಗಿದಳು. ಅವನು ಗಡಿಯಾರ ನೋಡಿದ. ಅವಳು ಓದುವುದನ್ನು ಬಿಡಲಿಲ್ಲ. ಮುಂಜಾನೆಯಿಂದ ಎಲ್ಲರಿಗೂ ಒಂದೇ ನಮೂನೆಯ ಕಾಗದ ಬಳಸಿದ್ದನಲ್ಲ, ಕೊನೆಯ ಸಾಲಿನಲ್ಲಿ ಫೋನನ್ನು ವಶಕ್ಕೆ ಪಡೆಯಲಾಗಿದೆ ಎಂಬುದು ಹಾಗೆಯೇ ಉಳಿದಿತ್ತು. ಅವಳು ಆ ಸಾಲಿನ ಮೇಲೆ ಬೆರಳಿಟ್ಟು ಮೇಡಂ ಕಡೆ ನೋಡಿದಳು. ಅವರು ಪೆನ್ನು ತೆಗೆದುಕೊಂಡು ಅದನ್ನು ಹೊಡೆದು, ಮಗ್ಗುಲಲ್ಲಿ ತಮ್ಮ ಸಹಿ ಹಾಕಿದರು.

“ಎಷ್ಟನೇತ್ತಾ ಓದೀಯವಾ?”

“ಏಳನೇತ್ತಾರಿ.”

“ನಮ್ಮ ಚಂದ್ರಕಾಂತ ಡಿಗ್ರಿ ಮಾಡ್ಯಾನ,” ಎಂದರು ಮೇಡಂ. ಚಂದ್ರಕಾಂತ ಫೋನುಗಳ ಚೀಟಿಗಳನ್ನು ಮಗುಚಿ ಹಾಕುವುದರಲ್ಲಿ ಮಗ್ನನಾದ.

ಒಂದು ಕರಾರು ಮಾತ್ರ ಉಳಿಯಿತು. ರಾಚವ್ವನಿಂದ ಬಂದದ್ದನ್ನು ಮೊಕದ್ದಮೆ ಮುಗಿಯುವವರೆಗೆ ಅಳಿಸಬಾರದು, ಕೋರ್ಟು ಕೇಳಿದರೆ ಫೋನು ತರಬೇಕು. ಉಳಿದದ್ದು ನಿನಗೆ ಬಿಟ್ಟದ್ದು ಎಂದರು. ಮಿನಾಜ ಒಪ್ಪಿದಳು. ಖಾಲಾನ ಫೋನನ್ನೂ ಒಂದು ವಾರದಲ್ಲಿ ಬಿಡುತ್ತೇವೆಂದರು.

ಹೊರಗೆ ಬಿಸಿಲು ಸುರಿಯುತ್ತಿತ್ತು. ಇಬ್ಬರೂ ಬಸ್‌ಸ್ಟ್ಯಾಂಡಿನವರೆಗೆ ನಡೆದರು. ಹೊನವಾಡದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಂಬದ ಮರೆಯ ಕಲ್ಲಿನ ಬೆಂಚಿನ ಮೇಲೆ ಕೂತದ್ದೇ ಕಸ್ತೂರಿಗೆ ನಗು ಬಂತು. ಸೆರಗು ಬಾಯಿಗೆ ಇಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಒಳಗೆ ಏನು ಹೇಳಿದಿರಿ ಎಂದು ಮಿನಾಜ ಕೇಳಿದಳು.

“ಇದ್ದದ್ದು ಇದ್ದಂಗ ಹೇಳಿದೆ. ಪೊಲೀಸ್ನ ಕೈಯಾಗಿನ ಫೋಟೋದಾಗ ಆ ಮೇಡಂ ನೋಡೂದಕ್ಕಿಂತ ನನ್ನ ಬಾಯಿಂದ ಕೇಳ್ಲಿ ಅಂದೆ. ಎರಡು ವರ್ಷ ಆತು ತಂಗಿ, ಗಂಡನ್ನೂ ನಿನ್ನೂ ಬಿಟ್ರ ಬಾಯಿಬಿಟ್ಟು ಹೇಳಿದ್ದು ಅಕೀ ಒಬ್ಬಾಕಿಗೆ. ಹೇಳಿದ ಮ್ಯಾಲ ಆಕಾಶೇನ ಕಳಚಿ ಬೀಳಲಿಲ್ಲ.”

ಮಿನಾಜ ಫೋನು ತೆರೆದು ಕಸ್ತೂರಿಯ ಫೋಟೋಗಳನ್ನು ತೆಗೆದು, ಅಕ್ಕಾ, ನೀವೇ ಅಳಿಸಿರಿ ಎಂದು ಅವಳ ಕೈಗೆ ಕೊಟ್ಟಳು. ಗಾಯದ ಫೋಟೋವನ್ನು ಕಸ್ತೂರಿ ಒಂದು ಕ್ಷಣವೂ ನೋಡಲಿಲ್ಲ. ಮಿನಾಜ ತೋರಿಸಿದಲ್ಲಿ ಬೆರಳೊತ್ತಿ ಅಳಿಸಿಬಿಟ್ಟಳು. ಮುಂದಿನದು ಹೊಸ ಜಂಪರು ತೊಟ್ಟು ಪಕ್ಕಕ್ಕೆ ತಿರುಗಿ ನಿಂತದ್ದು. ಗಂಡ ತೆಗೆದಿದ್ದನಂತೆ, ಕಳಿಸುವ ಅವಸರದಲ್ಲಿ ಅವಳು ಅದನ್ನು ನೋಡಿಯೇ ಇರಲಿಲ್ಲವಂತೆ. ಬೆರಳು ಅದರ ಮೇಲೆ ನಿಂತಿತು. ಫೋನನ್ನು ಹತ್ತಿರ ತಂದಳು, ದೂರ ಹಿಡಿದಳು.

“ಗೊತ್ತಾಗೂದೇ ಇಲ್ಲಲ್ಲ ಬೇ,” ಎಂದಳು.

“ಇಲ್ಲಕ್ಕಾ.”

ಟಿಕೋಟಾ, ಹೊನವಾಡ ಎಂದು ಕಂಡಕ್ಟರ್ ಕೂಗತೊಡಗಿದ. ಮಂದಿ ಬಾಗಿಲಿಗೆ ನುಗ್ಗಿದರು. ಕಸ್ತೂರಿ ಮಾತ್ರ ಏಳಲಿಲ್ಲ.

“ತಡಿ, ಇದನ್ನ ಮೊದಲ ನನಗ ಕಳಸು,” ಎಂದಳು. “ನಂದು ನನ್ನ ಕಡೆ ಇರ್ಲಿ. ಆಮ್ಯಾಲ ನಿನ್ನಾಗಿಂದು ಅಳಸು.”

ಮಿನಾಜ ಕಳಿಸಿದಳು. ಕಸ್ತೂರಿಯ ಚೀಲದೊಳಗೆ ಫೋನು ಟಣ್ ಎಂದಿತು. ಅವಳು ತೆಗೆದು, ಬಂದದ್ದನ್ನು ಖಾತ್ರಿ ಮಾಡಿಕೊಂಡು, ತಲೆಯಾಡಿಸಿದಳು. ಮಿನಾಜ ತನ್ನದನ್ನು ಅಳಿಸಿದಳು. ಆಮೇಲೆ ಇಬ್ಬರೂ ಎದ್ದು, ಚೀಲವನ್ನು ಕಿಟಕಿಯೊಳಗಿಂದ ಸೀಟಿನ ಮೇಲೆ ಎಸೆದು ಜಾಗ ಹಿಡಿದು, ಬಸ್ಸು ಹತ್ತಿದರು.